ಲಂಡನ್‌ನ ಹತ್ತಿ ಇಳಿಯುವ ಪ್ರವಾಸಿ ಬಸ್: ವಯಸ್ಸಾದ ತಂದೆ ತಾಯಿಗೆ ಸರಿಹೋಗುತ್ತದೆಯೇ?

ಗುಮ್ಮಟದೂರು | 12 ಮೇ 2024

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವಳು. ಐದು ವರ್ಷಗಳಿಂದ ಲೀಡ್ಸ್‌ನಲ್ಲಿ ಕೆಲಸ. ಜೂನ್ ಕೊನೆಯ ವಾರ ಅಪ್ಪ ಮತ್ತು ಅವ್ವ ಮೊದಲ ಸಲ ನನ್ನ ಬಳಿಗೆ ಬರುತ್ತಿದ್ದಾರೆ. ಅವರಿಗೆ ಮೂರು ದಿನ ಲಂಡನ್ ತೋರಿಸಬೇಕು ಎಂದುಕೊಂಡಿದ್ದೇನೆ. ಯೂಸ್ಟನ್ ನಿಲ್ದಾಣದ ಹತ್ತಿರ ಕೋಣೆ ಗೊತ್ತುಮಾಡಿದ್ದೇನೆ.

ಅಪ್ಪನಿಗೆ 73. ಮೊಣಕಾಲು ನೋವು ಇದೆ, ಅರ್ಧ ಕಿಲೋಮೀಟರ್ ನಡೆದರೆ ಕೂರುವ ಜಾಗ ಬೇಕು. ಮೆಟ್ಟಿಲು ಹತ್ತಬಲ್ಲರು, ಆದರೆ ದಿನಕ್ಕೆ ಹತ್ತು ಸಲ ಆಗದು. ಅವ್ವನಿಗೆ 66. ಸಕ್ಕರೆ ಕಾಯಿಲೆ ಇರುವುದರಿಂದ ಊಟದ ಹೊತ್ತು ತಪ್ಪಬಾರದು, ಶೌಚಾಲಯವೂ ಹತ್ತಿರದಲ್ಲಿರಬೇಕು. ಇವೆಲ್ಲ ಯೋಚಿಸಿ, ಮೇಲಂತಸ್ತಿಗೆ ಚಾವಣಿ ಇಲ್ಲದ, ಬೇಕಾದಲ್ಲಿ ಇಳಿದು ಅದೇ ಟಿಕೆಟ್‌ನಲ್ಲಿ ಮತ್ತೆ ಹತ್ತಬಹುದಾದ ಆ ಹಾಪ್ ಆನ್ ಹಾಪ್ ಆಫ್ ಬಸ್ಸಿನ ಎರಡು ದಿನದ ಟಿಕೆಟ್ ತೆಗೆದುಕೊಳ್ಳೋಣವೇ ಎಂದು ಲೆಕ್ಕ ಹಾಕುತ್ತಿದ್ದೇನೆ. ಒಂದು ದಿನಕ್ಕೇ ತಲಾ 30ರಿಂದ 40 ಪೌಂಡ್ ಆಗುತ್ತದೆ. ಮೂವರಿಗೆ ಸಣ್ಣ ಮೊತ್ತವೇನೂ ಅಲ್ಲ.

ಇನ್ನೊಂದು ಮುಖ್ಯ ವಿಷಯ. ಅವ್ವನ ತವರು ಬಸವನ ಬಾಗೇವಾಡಿ. ಲಂಡನ್‌ನಲ್ಲಿ ಏನು ನೋಡುತ್ತೀ ಎಂದು ಫೋನಿನಲ್ಲಿ ಕೇಳಿದಾಗ ಆಕೆ ಹೇಳಿದ್ದು ಒಂದೇ: ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ. ಯಾವುದಾದರೂ ಪ್ರವಾಸಿ ಬಸ್ ಅಲ್ಲಿ ನಿಲ್ಲುತ್ತದೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

---

ಕ್ರಾಯ್ಡನ್ ಕನ್ನಡತಿ | 12 ಮೇ 2024

ತಂಗಿ, ನಾನು ಈ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಊರಿನಿಂದ ಬಂದ ನೆಂಟರನ್ನೆಲ್ಲ ಸುತ್ತಾಡಿಸಿದ್ದೇನೆ. ನನ್ನ ಮಾತು ಸ್ಪಷ್ಟ: ಎರಡು ದಿನದ ಪ್ರವಾಸಿ ಬಸ್ ಟಿಕೆಟ್ ಬೇಡ. ಅದೇ ಬೀದಿಗಳಲ್ಲಿ ಊರಿನ ಮಾಮೂಲಿ ಕೆಂಪು ಬಸ್ಸುಗಳು ಓಡುತ್ತವೆ. ಹತ್ತುವಾಗ ಅಲ್ಲಿನ ಯಂತ್ರಕ್ಕೆ ಒಂದು ಸಲ ಬ್ಯಾಂಕ್ ಕಾರ್ಡ್ ತಾಗಿಸಿದರೆ 1.75 ಪೌಂಡ್. ಆ ಹೊತ್ತಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿ ಹತ್ತಿದರೂ ಮತ್ತೆ ಹಣ ಕಡಿತವಾಗುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಬಸ್ಸಿನಲ್ಲೇ ಓಡಾಡಿದರೂ ದಿನದ ಮಿತಿ 5.25 ಪೌಂಡ್. ಅಂದರೆ ನಿಮ್ಮ ಮೂವರಿಗೆ ಇಡೀ ದಿನಕ್ಕೆ 15.75 ಪೌಂಡ್.

ಯಾವ ಬಸ್ ಎಂದರೆ:

15ನೆಯದು ಟ್ರಫಾಲ್ಗರ್ ಚೌಕದ ಬಳಿಯಿಂದ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ದಾಟಿ ಲಂಡನ್ ಟವರ್‌ಗೆ ಹೋಗುತ್ತದೆ. 24ನೆಯದು ಕ್ಯಾಮ್ಡನ್ ಕಡೆಯಿಂದ ಬಂದು ನಿಮ್ಮ ಕೋಣೆಯ ಹತ್ತಿರವೇ ಹಾದು, ಟ್ರಫಾಲ್ಗರ್ ಚೌಕ, ವೈಟ್‌ಹಾಲ್, ಪಾರ್ಲಿಮೆಂಟ್ ಎಲ್ಲವನ್ನೂ ತೋರಿಸುತ್ತದೆ. 9ನೆಯದರಲ್ಲಿ ಕೂತರೆ ಪಿಕಡಿಲಿಯಿಂದ ಹೈಡ್ ಪಾರ್ಕಿನ ಅಂಚಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ವರೆಗೆ ಹೋಗಬಹುದು.

ನೆನಪಿಡಬೇಕಾದ್ದು: ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ನಿಮ್ಮ ಒಂದೇ ಕಾರ್ಡಿನಲ್ಲಿ ಮೂವರಿಗೆ ಆಗದು. ಹತ್ತುವಾಗ ಮಾತ್ರ ತಾಗಿಸಬೇಕು, ಇಳಿಯುವಾಗ ಬೇಡ. ಹಿರಿಯರ ಉಚಿತ ಪಾಸ್ ಇಲ್ಲಿನ ನಿವಾಸಿಗಳಿಗೆ ಮಾತ್ರ, ಪ್ರವಾಸಿಗರಿಗೆ ಇಲ್ಲ.

ಬಸವಣ್ಣನವರ ಪ್ರತಿಮೆ ಇರುವುದು ನದಿಯ ದಕ್ಷಿಣ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಗೂ ವಾಕ್ಸ್‌ಹಾಲ್ ಸೇತುವೆಗೂ ನಡುವೆ. ನನಗೆ ಗೊತ್ತಿರುವ ಯಾವ ಪ್ರವಾಸಿ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ. ದಾರಿಯನ್ನು ಆಮೇಲೆ ವಿವರವಾಗಿ ಬರೆಯುತ್ತೇನೆ.

---

ನಿವೃತ್ತ ನಿರ್ವಾಹಕ | 13 ಮೇ 2024

ಮಗಳೇ, ನಾನು 31 ವರ್ಷ ರಾಜ್ಯ ಸಾರಿಗೆಯಲ್ಲಿ ನಿರ್ವಾಹಕನಾಗಿದ್ದೆ. 2022ರಲ್ಲಿ ಹೌನ್ಸ್ಲೋದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನನಗೆ ಬಸ್ ಹತ್ತುವುದೇ ದಿನಚರಿಯಾಗಿತ್ತು. ಪ್ರವಾಸಿ ಬಸ್ಸಿನಲ್ಲೂ ಹೋಗಿದ್ದೇನೆ, ಮಾಮೂಲಿ ಬಸ್ಸಿನಲ್ಲೂ ಹೋಗಿದ್ದೇನೆ. ಬಸ್ಸಿನ ಒಳಗಿನಿಂದ ನೋಡಿದವನಾಗಿ ನಾಲ್ಕು ಮಾತು ಹೇಳುತ್ತೇನೆ.

ಈ ಹತ್ತಿ ಇಳಿಯುವ ಬಸ್ಸುಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸುತ್ತುತ್ತವೆ. ನಮ್ಮಲ್ಲಿ ಹೋಗುವ ಟ್ರಿಪ್, ಬರುವ ಟ್ರಿಪ್ ಎಂದು ಎರಡಿರುತ್ತವೆ. ಅಲ್ಲಿ ಹಾಗಲ್ಲ, ಗಾಣದ ಎತ್ತಿನ ಹಾಗೆ ಒಂದೇ ಸುತ್ತು. ನೀವು ಲಂಡನ್ ಟವರ್‌ನಲ್ಲಿ ಇಳಿದಿರಿ ಎಂದುಕೊಳ್ಳಿ. ಹಿಂದಿನ ನಿಲ್ದಾಣದಲ್ಲಿ ಏನೋ ನೋಡುವುದು ಬಿಟ್ಟುಹೋಯಿತು ಎಂದು ನೆನಪಾದರೆ ಎರಡು ನಿಮಿಷದ ದೂರಕ್ಕೆ ಇಡೀ ಊರು ಸುತ್ತಬೇಕು. ಪೂರ್ತಿ ಸುತ್ತಿಗೆ ಎರಡರಿಂದ ಎರಡೂವರೆ ಗಂಟೆ, ವಾಹನ ದಟ್ಟಣೆ ಇದ್ದರೆ ಇನ್ನೂ ಹೆಚ್ಚು.

ಎರಡನೆಯದು ಸೀಟು. ಮೊದಲ ನಿಲ್ದಾಣಗಳಲ್ಲಿ ಬೆಳಿಗ್ಗೆ ಹತ್ತಿದವನಿಗೆ ಮೇಲೆ ಮುಂದಿನ ಸೀಟು ಸಿಗುತ್ತದೆ. ಅವನು ಇಳಿದ ಕ್ಷಣವೇ ಅದು ಇನ್ನೊಬ್ಬರದಾಗುತ್ತದೆ. ಮುಂದಿನ ಬಸ್ಸಿನಲ್ಲಿ ಮೇಲೆ ಜಾಗ ಇರುತ್ತದೆ ಎನ್ನಲಾಗದು. ಅಪ್ಪ ಆ ಕಡಿದಾದ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಜಾಗವಿಲ್ಲದೆ ಕೆಳಗಿಳಿಯಬೇಕಾದರೆ ಅಂದಿನ ಸಂತೋಷವೆಲ್ಲ ಮೊಣಕಾಲಿಗೇ ಹೋಗುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟು: ಒಂದೇ ದಿನದ ಟಿಕೆಟ್ ತೆಗೆದುಕೊಳ್ಳಿ. ಬೆಳಿಗ್ಗೆ ಮೊದಲ ಬಸ್ಸುಗಳಲ್ಲಿ ಒಂದನ್ನು ಹತ್ತಿ, ಮೇಲೆ ಕೂರಿ, ಪೂರ್ತಿ ಒಂದು ಸುತ್ತು ಎಲ್ಲಿಯೂ ಇಳಿಯಬೇಡಿ. ಊರಿನ ನಕ್ಷೆ ಮನಸ್ಸಿನಲ್ಲಿ ಕೂರುತ್ತದೆ. ಯಾವುದಕ್ಕೆ ಮತ್ತೆ ಬರಬೇಕು, ಯಾವುದನ್ನು ದೂರದಿಂದ ನೋಡಿದರೆ ಸಾಕು ಎಂದು ಅಪ್ಪ ಅವ್ವ ತಾವೇ ಹೇಳುತ್ತಾರೆ. ಉಳಿದ ದಿನಗಳಿಗೆ ಮಾಮೂಲಿ ಬಸ್ ಇದೆ.

ಟಿಕೆಟ್ ಮೇಲಿನ ಅಕ್ಷರಗಳನ್ನು ಓದಿ. ‘24 ಗಂಟೆ’ ಎಂದಿದ್ದರೆ ಒಂದು ಲೆಕ್ಕ, ‘1 ದಿನ’ ಎಂದಿದ್ದರೆ ಇನ್ನೊಂದು. ಮಧ್ಯಾಹ್ನ ಎರಡಕ್ಕೆ ಶುರುಮಾಡಿದ 24 ಗಂಟೆಯ ಟಿಕೆಟ್ ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತದೆ. ಒಂದು ದಿನದ್ದು ಸಂಜೆ ಬಸ್ ನಿಂತಾಗ ಮುಗಿಯಿತು. ಕೊನೆಯ ಬಸ್ ಸಂಜೆ ಐದು ಆರರ ಹೊತ್ತಿಗೇ ಹೊರಟುಬಿಡುತ್ತದೆ.

---

ದೊಡ್ಡಾಲದಮರ | 13 ಮೇ 2024

ನಾನು ಕಳೆದ ಅಕ್ಟೋಬರ್‌ನಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಹೋಗಿದ್ದೆ. ನಾಲ್ವರಿಗೆ ಎರಡು ದಿನದ ಟಿಕೆಟ್. ಶನಿವಾರ ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು ಪಾರ್ಲಿಮೆಂಟ್ ನೋಡಿ ಮತ್ತೆ ಹತ್ತೋಣ ಎಂದು ನಿಂತರೆ ಬಸ್ಸೇ ಇಲ್ಲ. ದೊಡ್ಡ ಮೆರವಣಿಗೆಯೊಂದಿತ್ತು, ರಸ್ತೆ ಮುಚ್ಚಿದ್ದರು. ಮೊಬೈಲ್ ಆ್ಯಪ್ ಮಾತ್ರ ‘ಆರು ನಿಮಿಷದಲ್ಲಿ ಬಸ್’ ಎಂದು ತೋರಿಸುತ್ತಲೇ ಇತ್ತು. ಮಳೆಯಲ್ಲಿ ಐವತ್ತು ನಿಮಿಷ ನಿಂತೆವು. ಕಿರಿಯವನು ಅಳತೊಡಗಿದ. ಕೊನೆಗೆ ಪೊಲೀಸರೊಬ್ಬರು, ಪ್ರವಾಸಿ ಬಸ್ಸುಗಳೆಲ್ಲ ಬೇರೆ ಸೇತುವೆಯ ಮೇಲಿಂದ ಹೋಗುತ್ತಿವೆ, ಈ ನಿಲ್ದಾಣ ಸಂಜೆಯವರೆಗೆ ಇಲ್ಲ ಎಂದರು.

ರಸ್ತೆ ಮುಚ್ಚಿದ್ದು ಕಂಪನಿಯ ತಪ್ಪಲ್ಲ, ಒಪ್ಪುತ್ತೇನೆ. ಆದರೆ ನಿಲ್ದಾಣದ ಕಂಬಕ್ಕೆ ಒಂದು ಚೀಟಿ ಅಂಟಿಸಬಹುದಿತ್ತು. ಹಣ ಮರಳಿಸಿ ಎಂದು ಬರೆದೆ, ‘ರಸ್ತೆ ಬದಲಾವಣೆಗೆ ನಾವು ಹೊಣೆಯಲ್ಲ’ ಎಂಬ ಉತ್ತರ ಬಂತು. ಶನಿವಾರ ಮಾತ್ರ ಈ ಬಸ್ ಹತ್ತಬೇಡಿ, ಇದು ನನ್ನ ಕಳಕಳಿಯ ಮಾತು.

---

ಮಲೆನಾಡ ಮಳೆ | 14 ಮೇ 2024

ಇಲ್ಲಿ ಎಲ್ಲರೂ ಮಾಮೂಲಿ ಬಸ್ಸನ್ನು ಹೊಗಳುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳಲೇಬೇಕು.

ನನ್ನ ತಾಯಿಯನ್ನು 2019ರಲ್ಲಿ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿಯ ಕಡೆಯ ಹಳ್ಳಿಯವರು, ಆಗ 70 ವರ್ಷ. ಕೆಂಪು ಬಸ್ಸಿನ ಮೇಲಂತಸ್ತಿನಲ್ಲೂ ಕೂರಿಸಿದ್ದೆ. ಗಾಜಿನ ಮೇಲೆ ಆವಿ, ಮುಂದೆ ಇನ್ನೊಂದು ಬಸ್ಸಿನ ಬೆನ್ನು. ಚಾವಣಿ ಇಲ್ಲದ ಬಸ್ಸಿನಲ್ಲಿ ಕೂತಾಗ ಮಾತ್ರ ಅಮ್ಮ ತಲೆ ಎತ್ತಿ ನೋಡಿದರು. ಟ್ರಫಾಲ್ಗರ್ ಚೌಕದ ನೆಲ್ಸನ್ ಸ್ತಂಭ ಐವತ್ತು ಮೀಟರಿಗೂ ಎತ್ತರ. ಮುಚ್ಚಿದ ಬಸ್ಸಿನ ಕಿಟಕಿಯಿಂದ ಅದರ ಬುಡವೂ ಸಿಂಹಗಳೂ ಕಾಣುತ್ತವೆ, ಮೇಲೆ ನಿಂತ ಮನುಷ್ಯ ಕಾಣುವುದಿಲ್ಲ. ಆಕಾಶ ಸೇರಿದಂತೆ ಊರು ನೋಡುವುದಕ್ಕೆ ಅಷ್ಟು ಹಣ ಕೊಡಬಹುದು ಎಂದು ನನ್ನ ಅನಿಸಿಕೆ.

ಎರಡನೆಯದು, ಸಾಗರದಾಚೆಯ ಊರಿನಲ್ಲಿ ವಯಸ್ಸಾದವರಿಗೆ ಒಂದು ಅಂಜಿಕೆ ಇರುತ್ತದೆ. ತಪ್ಪು ಬಸ್ ಹತ್ತಿದರೆ, ನಿಲ್ದಾಣ ದಾಟಿಹೋದರೆ, ಮಗಳು ಇಳಿದು ತಾನು ಉಳಿದುಬಿಟ್ಟರೆ? ಪ್ರವಾಸಿ ಬಸ್ಸಿನಲ್ಲಿ ಆ ಅಂಜಿಕೆ ಇಲ್ಲ. ಎಲ್ಲಿ ಉಳಿದರೂ ಅದು ಸುತ್ತಿ ಅಲ್ಲಿಗೇ ಬರುತ್ತದೆ. ಅಮ್ಮ ಆ ದಿನ ಎಷ್ಟು ನಿರಾಳವಾಗಿದ್ದರೆಂದರೆ, ಕೈಚೀಲವನ್ನು ಮಡಿಲಿನಿಂದ ತೆಗೆದು ಪಕ್ಕದ ಸೀಟಿನ ಮೇಲಿಟ್ಟಿದ್ದರು.

ಆದರೆ ಎರಡು ಎಚ್ಚರಿಕೆ. ಕಿವಿಗೆ ಹಾಕಿಕೊಳ್ಳುವ ವಿವರಣೆಯಲ್ಲಿ ಕನ್ನಡವಿರಲಿಲ್ಲ. ಅಮ್ಮನಿಗೆ ನಾನೇ ಹೇಳುತ್ತಾ ಹೋದೆ. ಹಿಂದಿನ ರಾತ್ರಿ ಸ್ವಲ್ಪ ಓದಿಕೊಂಡು ಹೋಗಿ, ನಿಮ್ಮ ಬಾಯಿಂದ ಕೇಳಿದರೆ ಅವರಿಗೆ ಅದೇ ಚಂದ. ಇನ್ನೊಂದು, ಬಕಿಂಗ್‌ಹ್ಯಾಮ್ ಅರಮನೆಯ ಮುಂಭಾಗ ಯಾವ ಪ್ರವಾಸಿ ಬಸ್ಸಿನಿಂದಲೂ ಕಾಣುವುದಿಲ್ಲ. ಅದರ ಮುಂದಿನ ರಸ್ತೆಗೆ ಅವುಗಳನ್ನು ಬಿಡುವುದಿಲ್ಲ. ಹಿಂಬದಿಯ ಗೋಡೆ ನೋಡಿ ‘ಇದೇನಾ ಅರಮನೆ’ ಎಂದು ಅಮ್ಮ ಕೇಳಿದಾಗ ನನಗೆ ಬೇಸರವಾಗಿತ್ತು. ಅರಮನೆಗೆ ಇಳಿದು ನಡೆಯಲೇಬೇಕು.

---

ನಿವೃತ್ತ ನಿರ್ವಾಹಕ | 14 ಮೇ 2024

ಮಲೆನಾಡಿನ ತಾಯಿ ಕೈಚೀಲ ಪಕ್ಕಕ್ಕಿಟ್ಟ ಮಾತು ಓದಿ ಮನಸ್ಸು ತುಂಬಿತು. ನನ್ನ ಬಸ್ಸಿನಲ್ಲಿ ಸಾವಿರಾರು ಅಜ್ಜಿಯರು ಚೀಲವನ್ನು ಎದೆಗವಚಿಕೊಂಡು ಕೂತದ್ದನ್ನು ಕಂಡವನು ನಾನು. ನಿಮ್ಮ ವಾದ ಒಪ್ಪಿದೆ. ಒಂದು ಸುತ್ತು ಮೇಲೆ ಕೂರಲೇಬೇಕು ಎಂದು ನಾನೂ ಅದಕ್ಕೇ ಹೇಳಿದ್ದು.

---

ಮೈಸೂರು ದಸರಾ | 14 ಮೇ 2024

ನಮ್ಮ ಮೈಸೂರಿನಲ್ಲಿ ಪ್ರವಾಸೋದ್ಯಮ ನಿಗಮದ ‘ಅಂಬಾರಿ’ ಬಸ್ಸಿದೆಯಲ್ಲ, ಮೇಲೆ ಚಾವಣಿ ಇಲ್ಲದ್ದು. ದಸರಾ ದೀಪಾಲಂಕಾರ ನೋಡಲು ಅದರಲ್ಲಿ ಕೂತವರಿಗೆ ಈ ಅನುಭವ ಅರ್ಥವಾಗುತ್ತದೆ. ಅಪ್ಪ ಅವ್ವ ಹೊರಡುವ ಮೊದಲು ಅವಕಾಶವಿದ್ದರೆ ಅದರಲ್ಲಿ ಒಮ್ಮೆ ಹತ್ತಿಸಿ ನೋಡಿ. ಮೆಟ್ಟಿಲು ಆಗುತ್ತದೋ ಇಲ್ಲವೋ ಇಲ್ಲಿಯೇ ತಿಳಿಯುತ್ತದೆ.

---

ಶ್ರೀರಂಗಪಟ್ಟಣದ ಮೇಷ್ಟ್ರು | 15 ಮೇ 2024

ನಿಮ್ಮ ಪಟ್ಟಿಯಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಇಲ್ಲದಿದ್ದರೆ ದಯವಿಟ್ಟು ಸೇರಿಸಿ. ಪ್ರವೇಶ ಉಚಿತ. ಟಿಪ್ಪುವಿನ ಹುಲಿ ಅಲ್ಲಿದೆ.

ನಾನು ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವನು. 1799ರ ಮೇ 4ರಂದು ಕೋಟೆ ಬಿದ್ದದ್ದನ್ನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಮಕ್ಕಳನ್ನು ಆ ಕೋಟೆಯ ಗೋಡೆಯ ಬಳಿಗೇ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಆದರೆ ಅರಮನೆಯ ಒಳಗೆ ಏನಿತ್ತು ಎಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. 2018ರಲ್ಲಿ ಆ ಹುಲಿಯ ಮುಂದೆ ನಿಂತಾಗ ನನ್ನ ವಯಸ್ಸು 61. ಮರದ ಹುಲಿ, ಅದರ ಕೆಳಗೆ ಬಿದ್ದ ಯುರೋಪಿನ ಸೈನಿಕ. ಪಕ್ಕದ ಹಿಡಿಕೆ ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತಿತ್ತು, ನರಳುವ ಸದ್ದು ಬರುತ್ತಿತ್ತು, ಹುಲಿ ಗುರುಗುಡುತ್ತಿತ್ತು. ಹುಲಿಯ ಹೊಟ್ಟೆಯೊಳಗೆ ಹದಿನೆಂಟು ಸ್ವರದ ಪುಟ್ಟ ಆರ್ಗನ್. ಲಂಡನ್‌ಗೆ ತಂದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಲೆಡನ್‌ಹಾಲ್ ಬೀದಿಯ ತನ್ನ ಕಟ್ಟಡದಲ್ಲಿ ಅದನ್ನು ಜನರ ನೋಟಕ್ಕೆ ಇಟ್ಟಿತ್ತು.

ಈಗ ಅದು ಗಾಜಿನೊಳಗೆ ಮೌನವಾಗಿದೆ. ನಾನು ಅರ್ಧ ಗಂಟೆ ನಿಂತಿದ್ದೆ. ನಮ್ಮ ಊರಿನ ಬಡಗಿಯ ಕೈ ಮಾಡಿದ ಕೆಲಸ ಅಷ್ಟು ದೂರದಲ್ಲಿ ನಿಂತಿರುವುದನ್ನು ಕಂಡಾಗ ಆಗುವ ಸಂಕಟ ಬೇರೆಯೇ. ಅದನ್ನು ಬಸ್ಸಿನ ಮೇಲಿಂದ ನೋಡಲಾಗದು. ಆದ್ದರಿಂದಲೇ ಹೇಳುತ್ತಿದ್ದೇನೆ, ಮೂರು ದಿನದಲ್ಲಿ ಇಪ್ಪತ್ತು ಕಟ್ಟಡಗಳ ಹೊರಗೋಡೆ ನೋಡುವುದಕ್ಕಿಂತ ಒಂದೆರಡು ಕಡೆ ಒಳಗೆ ಹೋಗಿ ಸಮಾಧಾನವಾಗಿ ನಿಲ್ಲಿ.

---

ಗುಮ್ಮಟದೂರು | 15 ಮೇ 2024

ಎಲ್ಲರಿಗೂ ಕೃತಜ್ಞತೆ. ಮೇಷ್ಟ್ರೇ, ಹುಲಿಯನ್ನು ಖಂಡಿತ ಸೇರಿಸಿದ್ದೇನೆ. ಹಿರಿಯರ ಮಾತಿನಂತೆ ಒಂದೇ ದಿನದ ಪ್ರವಾಸಿ ಟಿಕೆಟ್, ಅದೂ ಮಂಗಳವಾರ. ಲಂಡನ್ ಟವರ್‌ನ ಒಳಗೆ ಹೋಗುವ ಟಿಕೆಟ್ ಈ ಬಸ್ಸಿನದರಲ್ಲಿ ಸೇರಿಲ್ಲ ಎಂದು ಈಗ ಗಮನಿಸಿದೆ. ಸೇರಿದೆ ಎಂದೇ ಇಷ್ಟು ದಿನ ತಿಳಿದಿದ್ದೆ.

ಕ್ರಾಯ್ಡನ್ ಅಕ್ಕಾ, ಪ್ರತಿಮೆಗೆ ಹೋಗುವ ದಾರಿ ಮತ್ತು ಶೌಚಾಲಯದ ವಿಷಯ ತಿಳಿಸುತ್ತೀರಾ?

---

ಕ್ರಾಯ್ಡನ್ ಕನ್ನಡತಿ | 16 ಮೇ 2024

ಬರೆಯುತ್ತೇನೆ. ಯೂಸ್ಟನ್‌ನಲ್ಲಿ 68ನೆಯ ಬಸ್ ಹತ್ತಿ, ವಾಟರ್‌ಲೂನಲ್ಲಿ ಇಳಿಯಿರಿ. ಅಲ್ಲಿ ಟೂಟಿಂಗ್ ಕಡೆಗೆ ಹೋಗುವ 77 ಸಿಗುತ್ತದೆ. ಅದು ಸೇಂಟ್ ಥಾಮಸ್ ಆಸ್ಪತ್ರೆ, ಲ್ಯಾಂಬೆತ್ ಅರಮನೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಮೇಲೆಯೇ ಹೋಗುತ್ತದೆ. ನದಿ ದಾಟದೆ, ಲ್ಯಾಂಬೆತ್ ಸೇತುವೆಯ ತುದಿಯನ್ನು ಹಾದ ಮೇಲೆ ಇಳಿದರೆ ನದಿಯ ಬದಿಯಲ್ಲಿ ಪ್ರತಿಮೆ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎರಡನೆಯದನ್ನು ಹತ್ತಿದರೆ ಅದೇ 1.75 ಪೌಂಡ್‌ನಲ್ಲಿ ಮುಗಿಯಿತು.

2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅವರು ಅದನ್ನು ಅನಾವರಣ ಮಾಡಿದರು. ಕಲಬುರಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ ಅವರು ಇದರ ಹಿಂದೆ ನಿಂತು ದುಡಿದವರು. ನದಿಯ ಆಚೆ ದಡದ ಅಂಚಿನಲ್ಲೇ ಪಾರ್ಲಿಮೆಂಟ್ ಭವನವೂ ಇದೆ. ಅನುಭವ ಮಂಟಪ ಕಟ್ಟಿದವರ ಪ್ರತಿಮೆಗೆ ಅದಕ್ಕಿಂತ ಒಳ್ಳೆಯ ನೆರೆ ಬೇರೆ ಎಲ್ಲಿ ಸಿಗುತ್ತಿತ್ತು?

ಶೌಚಾಲಯ ಯಾವ ಬಸ್ಸಿನಲ್ಲೂ ಇಲ್ಲ. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿ, ಬ್ರಿಟಿಷ್ ಮ್ಯೂಸಿಯಂ, ಮೇಷ್ಟ್ರು ಹೇಳಿದ ವಸ್ತುಸಂಗ್ರಹಾಲಯ, ಇವೆಲ್ಲ ಉಚಿತ ಪ್ರವೇಶದವು, ಒಳಗೆ ಶುಚಿಯಾದ ಶೌಚಾಲಯಗಳಿವೆ. ಯೂಸ್ಟನ್, ವಾಟರ್‌ಲೂ ಮುಂತಾದ ದೊಡ್ಡ ರೈಲು ನಿಲ್ದಾಣಗಳಲ್ಲೂ ಈಗ ಹಣ ಕೇಳುವುದಿಲ್ಲ. ದಿನದ ದಾರಿಯನ್ನು ಈ ಜಾಗಗಳನ್ನು ನಡುವೆ ಇಟ್ಟುಕೊಂಡೇ ಹೆಣೆಯಿರಿ. ನಾನು ಅತ್ತೆಯವರನ್ನು ಕರೆದೊಯ್ಯುವಾಗ ನೋಡುವ ಜಾಗಕ್ಕಿಂತ ಮೊದಲು ಇವನ್ನೇ ಬರೆದಿಟ್ಟುಕೊಳ್ಳುತ್ತಿದ್ದೆ.

ಊಟಕ್ಕೆ ಯೂಸ್ಟನ್ ಪಕ್ಕದ ಡ್ರಮಂಡ್ ಬೀದಿ. ಭಾರತೀಯ ಸಸ್ಯಾಹಾರಿ ಹೋಟೆಲುಗಳು ಅಲ್ಲಿವೆ, ನಿಮ್ಮ ಕೋಣೆಯಿಂದ ನಡೆದೇ ಹೋಗಬಹುದು.

---

ಗುಮ್ಮಟದೂರು | 3 ಜುಲೈ 2024

ಹೋಗಿ ಬಂದೆವು. ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ನಡೆದದ್ದನ್ನೆಲ್ಲ ಹೇಳದಿದ್ದರೆ ತಪ್ಪಾಗುತ್ತದೆ.

ಮಂಗಳವಾರ ಬೆಳಿಗ್ಗೆ ಯೂಸ್ಟನ್‌ನಿಂದ 30ನೆಯ ಬಸ್ಸಿನಲ್ಲಿ ಮಾರ್ಬಲ್ ಆರ್ಚ್‌ಗೆ ಹೋಗಿ ಪ್ರವಾಸಿ ಬಸ್ ಹತ್ತಿದೆವು. ಬೇಗ ಹೋಗಿದ್ದರಿಂದ ಮೇಲೆ ಅರ್ಧ ಸೀಟು ಖಾಲಿ. ಅಪ್ಪ ಮೆಟ್ಟಿಲಿಗೆ ಎರಡು ನಿಮಿಷ ತೆಗೆದುಕೊಂಡರು, ಯಾರೂ ಅವಸರ ಮಾಡಲಿಲ್ಲ. ಆ ವಾರ ಲಂಡನ್‌ನಲ್ಲಿ ನಮ್ಮೂರಿನ ಫಾಲ್ಗುಣದಂಥ ಬಿಸಿಲು. ಚಳಿಗೆಂದು ಹೊತ್ತು ತಂದ ಸ್ವೆಟರ್ ಚೀಲದಲ್ಲೇ ಉಳಿಯಿತು. ಚಾವಣಿ ಇಲ್ಲದ ಬಸ್ಸಿಗೆ ಬೇಕಾದದ್ದು ಟೋಪಿ ಮತ್ತು ನೀರಿನ ಬಾಟಲಿ. ಜೂನ್‌ನಲ್ಲಿ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಬಸ್ಸಿನ ವಿವರಣೆ ಕೇಳುವ ಕಿವಿಯ ಯಂತ್ರವನ್ನು ಅಪ್ಪ ಐದು ನಿಮಿಷಕ್ಕೇ ತೆಗೆದಿಟ್ಟರು. ನಾನು ಹೇಳುತ್ತಾ ಹೋದೆ. ಸೇಂಟ್ ಪಾಲ್ಸ್ ಹತ್ತಿರ ಬಂದಾಗ ಅವರೇ ನನ್ನ ಕೈ ಹಿಡಿದು ನಿಲ್ಲಿಸಿದರು. ‘ಈ ಗುಮ್ಮಟ ಯಾವಾಗಿನದು?’ ಎಂದು ಕೇಳಿದರು. 1666ರ ಮಹಾ ಬೆಂಕಿಯಲ್ಲಿ ಹಳೆಯ ಚರ್ಚ್ ಸುಟ್ಟುಹೋಯಿತು, ಆಮೇಲೆ ಕ್ರಿಸ್ಟೋಫರ್ ರೆನ್ ಎಂಬಾತ ಇದನ್ನು ಕಟ್ಟಿದ, ಒಳಗೆ ನಮ್ಮ ಗೋಲಗುಮ್ಮಟದ ಹಾಗೆಯೇ ಪಿಸುಮಾತಿನ ಗ್ಯಾಲರಿ ಇದೆ, ಅದಕ್ಕೆ 257 ಮೆಟ್ಟಿಲು ಎಂದೆ. ಅಪ್ಪ ಲೆಕ್ಕ ಹಾಕಿದರು. ಮುಹಮ್ಮದ್ ಆದಿಲ್ ಶಾಹ ತೀರಿಕೊಂಡು ಗೋಲಗುಮ್ಮಟದೊಳಗೆ ಮಲಗಿದ್ದು 1656ರಲ್ಲಿ. ‘ಇವರ ಹಳೆಯ ಚರ್ಚ್ ಸುಡುವುದಕ್ಕೆ ಹತ್ತು ವರ್ಷ ಮೊದಲೇ ನಮ್ಮದು ಇತ್ತು’ ಎಂದರು. ಆಮೇಲೆ ಬಸ್ ತಿರುವು ದಾಟುವವರೆಗೂ ಕತ್ತು ಹಿಂದೆ ಹೊರಳಿಸಿ ಅದನ್ನೇ ನೋಡುತ್ತಿದ್ದರು. ಅಪ್ಪ ಕೆಲಸಕ್ಕೆ ಹೋಗುವಾಗ ನಲವತ್ತು ವರ್ಷ ಗೋಲಗುಮ್ಮಟದ ಮುಂದೆಯೇ ಸೈಕಲ್ ತುಳಿದವರು. ಮಲೆನಾಡಿನವರು ಹೇಳಿದ ಮಾತು ನನಗೆ ಆಗ ಅರ್ಥವಾಯಿತು. ಚಾವಣಿ ಇದ್ದಿದ್ದರೆ ಆ ಗುಮ್ಮಟ ಅವರಿಗೆ ಕಾಣುತ್ತಲೇ ಇರಲಿಲ್ಲ.

ಟವರ್ ಬ್ರಿಜ್ ಹತ್ತಿರ ಬಸ್ ನಿಂತಿತು. ಏನೋ ಅಡಚಣೆ ಎಂದುಕೊಂಡೆ. ನೋಡಿದರೆ ಸೇತುವೆಯೇ ಮೇಲೇಳುತ್ತಿದೆ! ಎತ್ತರದ ಪಟಸ್ತಂಭದ ಹಳೆಯ ಹಡಗೊಂದು ಬರುತ್ತಿತ್ತು. ಅಲ್ಲಿ ನದಿಯ ಹಡಗಿಗೇ ಮೊದಲ ಹಕ್ಕು, ರಸ್ತೆಯವರು ಕಾಯಬೇಕು. 1894ರಿಂದಲೂ ಹಾಗೆಯೇ, ಈಗಲೂ ವರ್ಷಕ್ಕೆ ಸುಮಾರು 800 ಸಲ ಸೇತುವೆ ಎತ್ತುತ್ತಾರೆ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತರು. ಅವ್ವ ಮಾತ್ರ ಕೂತೇ ಕೈಮುಗಿದರು. ಯಾಕೆ ಎಂದು ನಾನು ಕೇಳಲಿಲ್ಲ. ಎತ್ತುವ ಸಮಯವನ್ನು ಸೇತುವೆಯವರು ಮುಂಚಿತವಾಗಿ ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ ಎಂದು ಆಮೇಲೆ ತಿಳಿಯಿತು. ಹೋಗುವವರು ನೋಡಿಕೊಂಡು ಹೋಗಿ, ನಮಗೆ ಅದೃಷ್ಟದಿಂದ ಸಿಕ್ಕಿದ್ದು.

ಪೂರ್ತಿ ಸುತ್ತಿಗೆ ಎರಡು ಗಂಟೆ ನಲವತ್ತು ನಿಮಿಷ. ನಡುವೆ ಎಲ್ಲಿಯೂ ಇಳಿಯಲಿಲ್ಲ. ಅವ್ವನಿಗೆ ಕೊನೆಯ ಅರ್ಧ ಗಂಟೆ ಕಷ್ಟವಾಯಿತು, ಇದನ್ನು ಒಪ್ಪಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರನ್ನು ಕರೆದೊಯ್ಯುವವರು ಸುತ್ತನ್ನು ಎರಡು ಪಾಲು ಮಾಡಿ, ನಡುವೆ ಒಂದು ಕಡೆ ಇಳಿಯುವುದೇ ಒಳ್ಳೆಯದು. ಹಿರಿಯರೇ, ನಿಮ್ಮ ಸಲಹೆಗೆ ಈ ಒಂದು ತಿದ್ದುಪಡಿ.

ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ಸಂಜೆ ಏಳಕ್ಕೆ ಮತ್ತೆ ಹೊರಟೆವು. ಅಷ್ಟರಲ್ಲಿ ಪ್ರವಾಸಿ ಬಸ್ಸುಗಳೆಲ್ಲ ಮನೆ ಸೇರಿದ್ದವು. ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಇಪ್ಪತ್ತರ ಸುಮಾರಿಗೆ. 24ನೆಯ ಬಸ್ಸಿನಲ್ಲಿ ಪಾರ್ಲಿಮೆಂಟ್‌ವರೆಗೆ ಹೋದೆವು. ಇಳಿಬಿಸಿಲು ಆ ಕಲ್ಲಿನ ಮೇಲೆ ಬಿದ್ದು ಇಡೀ ಕಟ್ಟಡ ಜೋನಿಬೆಲ್ಲದ ಬಣ್ಣವಾಗಿತ್ತು. ಬೆಳಿಗ್ಗೆ ಅದೇ ಕಟ್ಟಡವನ್ನು ಕಂಡಿದ್ದೆವು, ಹೀಗೆ ಕಂಡಿರಲಿಲ್ಲ. ಬಸ್ಸಿನ ತುಂಬ ಕೆಲಸ ಮುಗಿಸಿ ಮನೆಗೆ ಹೋಗುವ ಜನ. ಒಬ್ಬ ಹುಡುಗಿ ಅಪ್ಪನಿಗೆ ಎದ್ದು ಜಾಗ ಕೊಟ್ಟಳು. ‘ಈ ಬಸ್ಸಿನಲ್ಲಿ ಊರಿನವರು ಇದ್ದಾರೆ, ಬೆಳಗಿನದರಲ್ಲಿ ನಮ್ಮಂಥವರೇ ಇದ್ದರು’ ಎಂದರು ಅಪ್ಪ.

ಬುಧವಾರ ಬೇಕರ್ ಸ್ಟ್ರೀಟ್‌ನಿಂದ 74ರಲ್ಲಿ ಹುಲಿಯನ್ನು ನೋಡಲು ಹೋದೆವು. ಮೇಷ್ಟ್ರೇ, ಅಪ್ಪ ಅದರ ಮುಂದೆ ಮೌನವಾಗಿ ನಿಂತಿದ್ದರು. ‘ಇದನ್ನು ಯಾವಾಗ ವಾಪಸು ಕಳುಹಿಸುತ್ತಾರೆ?’ ಎಂದು ಅವ್ವ ಅಲ್ಲಿನ ಕಾವಲುಗಾರರನ್ನು ಕೇಳು ಎಂದರು. ನಾನು ಅನುವಾದಿಸಿ ಕೇಳಿದೆ. ಆತ ನಕ್ಕು, ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ ಎಂದ.

ಗುರುವಾರ 68, ಆಮೇಲೆ 77. ಅವ್ವ ಕೋಣೆಯಲ್ಲಿ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಿಂಡಿ ತಿನ್ನದೆ ಕೂತಿದ್ದರು. ಸಕ್ಕರೆ ಇಳಿದೀತು ಎಂದು ಗದರಿ ಒಂದು ಬಾಳೆಹಣ್ಣು ತಿನ್ನಿಸಿದೆ. ಬಸ್ಸಿಳಿದು ರಸ್ತೆ ದಾಟಿದಾಗ ಪ್ರತಿಮೆಯ ಬಳಿ ನಾವು ಮೂವರೇ. ಓಡುವ ಉಡುಪಿನಲ್ಲಿ ಜನ ಪಕ್ಕದಲ್ಲಿ ಓಡಿಹೋಗುತ್ತಿದ್ದರು. ಅವ್ವ ಚಪ್ಪಲಿ ಬಿಟ್ಟು, ಪೀಠವನ್ನು ಸೆರಗಿನಿಂದ ಒರೆಸಿದರು. ಬಾಗೇವಾಡಿಯಿಂದ ಒಂದು ಪುಟ್ಟ ಪೊಟ್ಟಣದಲ್ಲಿ ಮಣ್ಣು ತಂದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಚಿಟಿಕೆಯಷ್ಟನ್ನು ಅಲ್ಲಿ ಉದುರಿಸಿ, ಒಂದು ವಚನ ಹಾಡಿದರು. ಕೆಳದನಿಯಲ್ಲಿ, ಅಡುಗೆಮನೆಯಲ್ಲಿ ಹಾಡಿಕೊಳ್ಳುವ ಹಾಗೆ.

ಅಪ್ಪನನ್ನು ಅಲ್ಲಿಯೇ ಬೆಂಚಿನ ಮೇಲೆ ಕೂರಿಸಿ, ನಾನೂ ಅವ್ವನೂ ನದಿಯ ಗುಂಟ ಲ್ಯಾಂಬೆತ್ ಸೇತುವೆಯ ಆಚೆಗೆ ನಡೆದೆವು. ಆಸ್ಪತ್ರೆಯ ಗೋಡೆಯುದ್ದಕ್ಕೂ ಕೈಯಿಂದ ಬಿಡಿಸಿದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್‌ನಲ್ಲಿ ಬಿಡಿಸಲು ತೊಡಗಿ ಒಂದೂವರೆ ಲಕ್ಷ ದಾಟಿದೆ. ಇದು ಏನು ಎಂದು ಅವ್ವ ಕೇಳಿದರು, ಹೇಳಿದೆ. ನನ್ನ ಸೋದರಮಾವ ಅದೇ ವರ್ಷ ಮೇ ತಿಂಗಳಲ್ಲಿ ಹೋದವರು. ಕೊನೆಗೆ ಮುಖ ನೋಡಲೂ ಬಿಟ್ಟಿರಲಿಲ್ಲ. ಅವ್ವ ಒಂದು ಹೃದಯದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಹೆಸರು ಯಾರದ್ದೋ ಇಂಗ್ಲಿಷಿನಲ್ಲಿತ್ತು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಮಂಗಳವಾರ ನಮ್ಮ ಪ್ರವಾಸಿ ಬಸ್ ಹೋಗಿತ್ತು. ಗೋಡೆ ಅದರ ಪಕ್ಕದಿಂದಲೇ ಶುರುವಾಗುತ್ತದೆ, ನಾವು ಆಗ ಎದುರಿನ ಗಡಿಯಾರದ ಗೋಪುರದ ಫೋಟೊ ತೆಗೆಯುತ್ತಿದ್ದೆವು.

---

ಶ್ರೀರಂಗಪಟ್ಟಣದ ಮೇಷ್ಟ್ರು | 3 ಜುಲೈ 2024

ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ನಾನು ಆ ಕಾವಲುಗಾರರನ್ನು ಕೇಳದೆ ಬಂದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

---

ನಿವೃತ್ತ ನಿರ್ವಾಹಕ | 4 ಜುಲೈ 2024

ತಿದ್ದುಪಡಿ ಒಪ್ಪಿದೆ ಮಗಳೇ. ನಾನು ಮೊಣಕಾಲನ್ನು ಮಾತ್ರ ಯೋಚಿಸಿದ್ದೆ, ಹಸಿವನ್ನು ಯೋಚಿಸಲಿಲ್ಲ. ನೀವು ಕೂತ 24ನೆಯ ಬಸ್ಸಿನಲ್ಲಿ ನಾನೂ ಹೋಗಿದ್ದೇನೆ. ಲಂಡನ್‌ನಲ್ಲಿ ನಿರ್ವಾಹಕರಿದ್ದ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು ಮಾಮೂಲಿ ಓಡಾಟದಿಂದ 2005ರ ಡಿಸೆಂಬರ್‌ನಲ್ಲಿ ನಿವೃತ್ತವಾದವು. ಕೊನೆಯದು 159ನೆಯ ಮಾರ್ಗ. ಈಗ ಚಾಲಕ ಒಬ್ಬನೇ. ಆದರೂ ಜನ ಇಳಿಯುವಾಗ ‘ಥ್ಯಾಂಕ್ ಯೂ’ ಎಂದು ಕೂಗಿ ಹೇಳಿ ಇಳಿಯುವುದನ್ನು ಕೇಳಿದಾಗ ನನಗೆ ಬಹಳ ಹಿತವಾಗಿತ್ತು.

---

ಕಾಳಿ ನದಿ | 9 ಜುಲೈ 2024

ಎಲ್ಲವನ್ನೂ ಓದಿದೆ. ಸೆಪ್ಟೆಂಬರ್‌ನಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಅಜ್ಜಿಗೆ ನಡೆಯಲು ಆಗುವುದೇ ಇಲ್ಲ, ಗಾಲಿಕುರ್ಚಿ ಬೇಕು. ಪ್ರವಾಸಿ ಬಸ್ಸನ್ನು ಪೂರ್ತಿ ಬಿಟ್ಟುಬಿಡಬೇಕೇ? 77ರಲ್ಲಿ ಗಾಲಿಕುರ್ಚಿ ಹತ್ತಿಸಬಹುದೇ?

---

ಕ್ರಾಯ್ಡನ್ ಕನ್ನಡತಿ | 9 ಜುಲೈ 2024

ಹತ್ತಿಸಬಹುದು. ಲಂಡನ್‌ನ ಮಾಮೂಲಿ ಬಸ್ಸುಗಳೆಲ್ಲ ನೆಲಕ್ಕೆ ಹತ್ತಿರವಾಗಿ ತಗ್ಗಿವೆ. ಚಾಲಕ ಗುಂಡಿ ಒತ್ತಿದರೆ ನಡುವಿನ ಬಾಗಿಲಿನಿಂದ ಇಳಿಜಾರು ಹಲಗೆ ಹೊರಚಾಚುತ್ತದೆ. ಒಳಗೆ ಒಂದು ಗಾಲಿಕುರ್ಚಿಗೆ ಜಾಗ, ಮಗುವಿನ ತಳ್ಳುಗಾಡಿ ಅಲ್ಲಿದ್ದರೆ ಅವರು ಬಿಟ್ಟುಕೊಡಬೇಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಈ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಪ್ರವಾಸಿಗರಾದರೂ ಸರಿ. ಜೊತೆಗೆ ಹೋಗುವ ನೀವು ಕಾರ್ಡ್ ತಾಗಿಸಬೇಕು.

ಪ್ರವಾಸಿ ಬಸ್ಸಿನಲ್ಲಿ ಗಾಲಿಕುರ್ಚಿಯವರು ಕೆಳಗೇ ಇರಬೇಕು. ಅಲ್ಲಿಂದ ಕಾಣುವುದು ಮಾಮೂಲಿ ಬಸ್ಸಿನ ಕೆಳಗಿನಿಂದ ಕಾಣುವಷ್ಟೇ. ಆ ಹಣವನ್ನು ಉಳಿಸಿ, ವೆಸ್ಟ್‌ಮಿನ್‌ಸ್ಟರ್ ದಕ್ಕೆಯಿಂದ ಗ್ರೀನಿಚ್‌ಗೆ ಹೋಗುವ ದೋಣಿಯಲ್ಲಿ ಅಜ್ಜಿಯನ್ನು ಕೂರಿಸಿ. ಸೇತುವೆಗಳನ್ನು ಕೆಳಗಿನಿಂದ ನೋಡುತ್ತಾರೆ. ಹೊರಡುವ ಮುಂಚೆ ದಕ್ಕೆಯ ಸಿಬ್ಬಂದಿಗೆ ಗಾಲಿಕುರ್ಚಿ ಇದೆ ಎಂದು ತಿಳಿಸಿ, ಹತ್ತಿಸುವ ಹೊತ್ತಿಗೆ ಅವರೇ ಬಂದು ನಿಲ್ಲುತ್ತಾರೆ.